ಇನ್ಸ್‌ಪೆಕ್ಟರ್ ನುಂಗಿದ ಮಣಿ

ತೆರೆದ ಬಾಯಿ ಮುಚ್ಚಲಾರದೆ ಇನ್ಸ್‌ಪೆಕ್ಟರ್ ಗಾಜಿನ ತೊಟ್ಟಿಯ ಮೂಲೆಯಲ್ಲಿ ಒದ್ದಾಡುತ್ತಿದ್ದ. ಇನ್ಸ್‌ಪೆಕ್ಟರ್ ಎಂದರೆ ಪೊಲೀಸಿನವನಲ್ಲ, ಸೊಸೆ ಸಾಕಿದ ಕಪ್ಪು ಮೀನು. ಎರಡೂ ಕಣ್ಣು ಗುಂಡಗೆ ಹೊರಕ್ಕೆ ಚಾಚಿಕೊಂಡು, ಎದುರಿಗೆ ನಿಂತವರನ್ನೆಲ್ಲ ಕಳ್ಳರೆಂದು ದುರುಗುಟ್ಟುವಂತೆ ಕಾಣುತ್ತಿದ್ದುದರಿಂದ ಬಂದ ಹೆಸರು. ಅಷ್ಟು ದೊಡ್ಡ ಕಣ್ಣಿದ್ದೂ ಪಾಪ, ಅದಕ್ಕೆ ಬಾಯಿ ಮುಂದಿನ ಊಟವೇ ನೆಟ್ಟಗೆ ಕಾಣದು. ಹಾಗಾಗಿ ಸೊಸೆ ದಿನಾ ಒಂದೇ ಮೂಲೆಯಲ್ಲಿ ಗಾಜು ತಟ್ಟಿ ಕರೆದು, ಬಾಯಿಯ ಹತ್ತಿರವೇ ಕಾಳು ಬಿಡುತ್ತಿದ್ದಳು. ಇವತ್ತು ಅವಳು ಸ್ನಾನಕ್ಕೆ ಹೋಗಿದ್ದಾಳೆಂದು ಅತ್ತೆ ತಾವೇ ತಟ್ಟಿ, ತಾವೇ ಒಂದು ಚಿಟಿಕೆ ಬಿಟ್ಟಿದ್ದರು.

"ಏ ಹುಡುಗಿ, ಬೇಗ ಬಾರೇ! ನಿನ್ನ ಇನ್ಸ್‌ಪೆಕ್ಟ್ರಿಗೆ ಏನೋ ಆಗೋಯ್ತು!"

ಒದ್ದೆ ತಲೆಗೆ ಟವೆಲು ಸುತ್ತಿಕೊಂಡೇ ಸೊಸೆ ಓಡಿ ಬಂದಳು. ತೊಟ್ಟಿಯನ್ನೊಮ್ಮೆ, ಅತ್ತೆಯ ಕೈಲಿದ್ದ ಡಬ್ಬಿಯನ್ನೊಮ್ಮೆ ನೋಡಿದಳು. ಅದು ಮೀನಿನ ಕಾಳಿನ ಡಬ್ಬಿಯಲ್ಲ. ಅತ್ತೆಯ ಹೊಲಿಗೆ ಮಷೀನಿನ ಮೇಲಿರುವ, ಅಂಗಿಯ ಕತ್ತಿಗೆ ಹೊಲಿಯುವ ಕಪ್ಪು ಮಣಿಗಳ ಡಬ್ಬಿ. ಎರಡೂ ಒಂದೇ ಅಳತೆಯವು ನಿಜ, ಆದರೆ ಒಂದರ ಮುಚ್ಚಳ ಕೆಂಪು, ಇನ್ನೊಂದರದು ಬಿಳಿ. ಕಣ್ಣು ಕಾಣುವವರು ತಪ್ಪುವಂಥದ್ದಲ್ಲ.

ಅತ್ತೆಯ ಕಣ್ಣಿಗೆ ಪೊರೆ ಬಂದು ವರ್ಷದ ಮೇಲಾಗಿತ್ತು. ಬಟ್ಟೆಯನ್ನು ಬೆರಳಲ್ಲೇ ತಡವಿ, ಯಾರಿಗೂ ಗೊತ್ತಾಗದ ಹಾಗೆ ಹೊಲಿಗೆ ಸಾಗಿಸುತ್ತಿದ್ದರು. "ನಿನ್ನ ಕಣ್ಣು ಕೈಕೊಟ್ಟ ದಿನ ಈ ಮಷೀನು ಅಟ್ಟಕ್ಕೆ, ಬೆರಳು ಚುಚ್ಕೊಂಡು ಕೂತ್ಕೋತೀಯ" ಎಂದು ಮಗ ಮೊದಲೇ ಹೇಳಿಬಿಟ್ಟಿದ್ದ. ಒಳ್ಳೆಯವನೇ, ಆದರೆ ಅವನ ಅಕ್ಕರೆಗೆ ಗಂಟಲು ಜಾಸ್ತಿ. ಆಪರೇಷನ್ ಮಾಡಿಸೋಣವೆಂದರೆ ಕಣ್ಣಿನ ಹತ್ತಿರ ಕತ್ತಿ ಬರುವುದನ್ನು ನೆನೆದರೇ ಅತ್ತೆಯ ಕೈಕಾಲು ತಣ್ಣಗಾಗುತ್ತಿತ್ತು. ಮಷೀನು ಹೋದರೆ ತಾವು ಯಾತಕ್ಕೂ ಬೇಡದ ಮುದುಕಿ ಎಂದು ಅವರ ಲೆಕ್ಕ.

ಸೊಸೆ ಕೈ ಒದ್ದೆ ಮಾಡಿಕೊಂಡು, ಆ ಉಬ್ಬಿದ ಕಣ್ಣುಗಳಿಗೆ ಬೆರಳು ತಾಗದಂತೆ ಮೀನನ್ನು ಹಿಡಿದಳು. ತಲೆ ಕೆಳಗೆ ಮಾಡಿ, ಗಂಟಲ ಬುಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಏನೂ ಆಗಲಿಲ್ಲ. "ಬಾರೋ ನಮ್ಮಪ್ಪ, ಹಟ ಮಾಡ್ಬೇಡ್ವೋ" ಎಂದು ಮತ್ತೊಮ್ಮೆ ಒತ್ತಿದಳು. ಮಣಿ ಪುಳಕ್ಕನೆ ಜಾರಿ ನೀರಿಗೆ ಬಿತ್ತು. ಕೈಬಿಟ್ಟೊಡನೆ ಇನ್ಸ್‌ಪೆಕ್ಟರ್ ತಳಕ್ಕಿಳಿದು, ಬಾಲ ಬೀಸಿ, ಬಾಯಿ ಮುಚ್ಚಿ ತೆರೆದು ಮಾಡಿದ. ಅತ್ತೆ ಅಲ್ಲೇ ಕುರ್ಚಿಗೆ ಕುಸಿದರು.

ಅಷ್ಟರಲ್ಲಿ ಶೂ ಹಾಕಿಕೊಳ್ಳುತ್ತಲೇ ಮಗ ಬಂದ. "ಏನಿದು ಗಲಾಟೆ? ನೀರಲ್ಲೆಲ್ಲ ಮಣಿ! ಯಾರದು ಈ ಘನಕಾರ್ಯ?"

ಅತ್ತೆ ಬಾಯಿ ತೆರೆಯುವುದಕ್ಕೆ ಮುಂಚೆಯೇ ಸೊಸೆ, "ನಂದೇ ರೀ. ಅವಸರದಲ್ಲಿ ಡಬ್ಬಿ ಅದಲುಬದಲಾಯ್ತು" ಎಂದಳು.

"ಕಣ್ಣು ಎಲ್ಲಿಟ್ಟಿದ್ದೆ ಮಾರಾಯ್ತಿ!" ಎಂದು ನಾಲ್ಕು ಮಾತು ಬೈದು, ಅವಳು ಅದಕ್ಕೂ ತಲೆಯಾಡಿಸಿದ ಮೇಲೆ, ಅವನು ಕೆಲಸಕ್ಕೆ ಹೊರಟ.

ಸೊಸೆ ಜಾಲರಿಯಿಂದ ಉಳಿದ ಮಣಿಗಳನ್ನೆಲ್ಲ ತೆಗೆದು, ಒಳಗೆ ಹೋಗಿ ಆಫೀಸಿನ ಬಟ್ಟೆ ಹಾಕಿಕೊಂಡು ಬಂದಳು. ಅತ್ತೆ ಇನ್ನೂ ಕುರ್ಚಿಯಲ್ಲೇ ಇದ್ದರು.

"ನನ್ನ ಪಾಲಿನ ಬೈಗುಳ ನೀನ್ಯಾಕೆ ತಿಂದ್ಯೇ?"

"ನಂಗೆ ಅಭ್ಯಾಸ ಇದೆ. ನಿಮಗೆ ಅಜೀರ್ಣ ಆಗುತ್ತೆ."

ಅತ್ತೆಗೆ ನಗು ಬರಬೇಕಿತ್ತು, ಕಣ್ಣೀರು ಬಂತು. "ನನಗೆ ಕಣ್ಣು ಕಾಣ್ಸಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಹೋದ ವರ್ಷ. ನೀವು ಈ ಅಂಗಿ ಹೊಲಿದುಕೊಟ್ರಲ್ಲ, ಆವತ್ತೇ."

"ಯಾಕೆ, ಅದಕ್ಕೇನಾಗಿದೆ? ಅಳತೆ ತಪ್ಪಿದ್ಯಾ?"

"ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ." ಸೊಸೆ ಎರಡೂ ಕೈ ಮುಂದೆ ಚಾಚಿದಳು. "ಒಂದು ತೋಳು ನೀಲಿ, ಇನ್ನೊಂದು ಹಸಿರು."

ಅತ್ತೆ ಎರಡೂ ತೋಳು ಹಿಡಿದು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡರು. ಅವರಿಗೆ ಎರಡೂ ಒಂದೇ ಮಬ್ಬು ಬಣ್ಣ. "ಅಯ್ಯೋ ನನ್ನ ಕರ್ಮವೇ! ಇದನ್ನೇ ಹಾಕ್ಕೊಂಡು ಒಂದು ವರ್ಷದಿಂದ ಆಫೀಸಿಗೆ ಹೋಗ್ತಿದ್ಯಾ?"

"ವಾರ ವಾರವೂ. ನಮ್ಮ ಆಫೀಸಲ್ಲಿ ಇಬ್ಬರು ಇದೇ ಥರ ಹೊಲಿಸಿಕೊಡಿ ಅಂತ ದುಂಬಾಲು ಬಿದ್ದಿದಾರೆ. ನಿಮ್ಮ ಮಗನಿಗಂತೂ ಇವತ್ತಿಗೂ ಗೊತ್ತಾಗಿಲ್ಲ. ಎರಡು ಕಣ್ಣೂ ನೆಟ್ಟಗಿರೋರು ಅವರು!"

ಈಗ ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಸಾಕಾಗಿ, ಸೊಸೆಯ ಕೈಗಳನ್ನು ಬಿಡದೆ, "ನನ್ನ ಮಾನ ಇಷ್ಟು ದಿನ ನಿನ್ನ ತೋಳಲ್ಲಿಟ್ಕೊಂಡು ತಿರುಗಿದ್ಯಲ್ಲೇ. ನಿನಗೆ ಕೈಮುಗೀಬೇಕು" ಎಂದರು.

"ಕೈಮುಗಿಯೋದೇನೂ ಬೇಡ. ಬಸ್ಸು ಹೋಗುತ್ತೆ, ಕೈ ಬಿಡಿ ಸಾಕು."

ಅತ್ತೆ ಬಿಡಲಿಲ್ಲ. ಕಾಣದ ಎರಡು ಬಣ್ಣಗಳನ್ನು ಹೆಬ್ಬೆರಳಿನಿಂದ ಸವರುತ್ತಲೇ ಹೇಳಿದರು: "ಕಣ್ಣಾಸ್ಪತ್ರೆಗೆ ಹೆಸರು ಬರೆಸಿಬಿಡು. ಆಪರೇಷನ್ ಆಗಿ ಪಟ್ಟಿ ಬಿಚ್ಚುವ ದಿನ ನೀನು ಇದೇ ಅಂಗಿ ಹಾಕ್ಕೊಂಡು ಎದುರಿಗೆ ನಿಂತಿರಬೇಕು. ನಾನು ಮೊದಲು ನೋಡೋದು ಇದನ್ನೇ."