ಹೆಬ್ಬೆರಳ ಸಾಹಸ

ಶಾರ್ಕ್ ಬಂದೇ ಬಂತು. ಎಂಟಾಳು ಆಳದ ನೀರಿನಲ್ಲಿ, ಬಂಡೆಯ ಮರೆಯಿಂದ, ಯಾರ ಹಂಗೂ ಇಲ್ಲದ ಹಾಗೆ ಮೆಲ್ಲಗೆ. ಗಾಳಿಯ ಸಿಲಿಂಡರ್ ಹೊತ್ತು ಅಲ್ಲಿಗೆ ಇಳಿದಿದ್ದ ಟೈಲ್ಸ್ ಅಂಗಡಿಯ ಯಜಮಾನರು ತಕ್ಷಣ ಅದಕ್ಕೆ ಬೆನ್ನು ಹಾಕಿ, ಕೋಲಿಗೆ ಸಿಕ್ಕಿಸಿದ ಕ್ಯಾಮೆರಾವನ್ನು ಮುಂದಕ್ಕೆ ಚಾಚಿ, ಹೊಟ್ಟೆ ಒಳಗೆಳೆದುಕೊಂಡು, ಬಲಗೈಯ ಹೆಬ್ಬೆರಳನ್ನು ಎತ್ತಿ ತೋರಿಸಿದರು. ಹೊಸ ಗೋಡೌನಿನ ಮುಂದೆ, ಮಂತ್ರಿಗಳ ಪಕ್ಕದಲ್ಲಿ, ಮಗಳ ಮದುವೆಯಲ್ಲಿ, ಕೊನೆಗೆ ಮೂಲವ್ಯಾಧಿಯ ಆಪರೇಷನ್ ಆದ ಮೇಲೆ ಆಸ್ಪತ್ರೆಯ ಮಂಚದಲ್ಲೂ ಅವರು ಎತ್ತಿದ್ದು ಅದೇ ಹೆಬ್ಬೆರಳನ್ನೇ. ಸೂಪರ್ ಎಂದು ಅದರ ಅರ್ಥ.

ಅದು ನೀರಿನ ಮೇಲಿನ ಅರ್ಥ. ನೀರೊಳಗೆ ಎತ್ತಿದ ಹೆಬ್ಬೆರಳಿಗೆ ಇರುವುದು ಒಂದೇ ಅರ್ಥ: ನನ್ನ ಕೈಲಾಗುವುದಿಲ್ಲ, ಮೇಲಕ್ಕೆ ಹೋಗೋಣ. ಒಬ್ಬರು ಎತ್ತಿದರೆ ಇಳಿದವರೆಲ್ಲ ಮೇಲೇರಬೇಕು. ಯಾಕೆ, ಏನು ಎಂದು ಕೇಳುವ ಹಾಗಿಲ್ಲ. ಚೆನ್ನಾಗಿದೆ ಎನ್ನಬೇಕಾದರೆ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಬೆಳಿಗ್ಗೆ ದೋಣಿಯಲ್ಲಿ ಗೈಡ್ ಹುಡುಗಿ ಇದನ್ನೆಲ್ಲ ಅರ್ಧ ಗಂಟೆ ಮಾಡಿ ತೋರಿಸಿದ್ದಳು. ಆ ಅರ್ಧ ಗಂಟೆ ಯಜಮಾನರು ದೋಣಿ ನಡೆಸುವವನಿಗೆ ಬಾತ್‌ರೂಮಿಗೆ ಯಾವ ಟೈಲ್ಸ್ ಹಾಕಿದರೆ ಜಾರುವುದಿಲ್ಲ ಎಂದು ಉಪದೇಶ ಮಾಡುತ್ತಿದ್ದರು. ಸನ್ನೆ ಗಿನ್ನೆ ಎಲ್ಲ ಪುಕ್ಕಲರಿಗೆ ಎಂದು ನಡುವೆ ಒಂದು ಮಾತನ್ನೂ ಎಸೆದಿದ್ದರು.

ಗೈಡ್ ಅವರ ತೋಳು ಹಿಡಿದಳು, ಅವರ ಹೆಂಡತಿಗೂ ಸನ್ನೆ ಮಾಡಿದಳು, ಮೂವರೂ ಮೇಲೆ ಬಂದರು. ಇಳಿದು ನಾಲ್ಕು ನಿಮಿಷವೂ ಆಗಿರಲಿಲ್ಲ. ಗಂಡನ ಮೈಯ ಮರೆಯಲ್ಲಿ ಹೆಂಡತಿಗೆ ಕಂಡದ್ದು ಒಂದು ಬಾಲದ ತುದಿ.

ಆ ಬಾಲದ ತುದಿಗಾಗಿ ಆಕೆ ಹನ್ನೊಂದು ತಿಂಗಳು ಈಜು ಕಲಿತಿದ್ದಳು, ನಲವತ್ತೆಂಟನೆಯ ವಯಸ್ಸಿನಲ್ಲಿ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಊರವರ ರಕ್ತ ನೋಡಿ, ಸಂಜೆ ಕೊಳಕ್ಕೆ ಹೋಗಿ, ಮೂಗಿಗೆ ನೀರು ನುಗ್ಗಿಸಿಕೊಂಡು ಕೆಮ್ಮುತ್ತ ಮನೆಗೆ ಬರುತ್ತಿದ್ದಳು. ಎಮ್ಮೆ ಕೆರೆಗೆ ಇಳಿದು ಬಂತು ಎಂದು ಯಜಮಾನರು ನೆಂಟರ ಮುಂದೆ ನಗಾಡುತ್ತಿದ್ದರು. ಈ ಋತುವಿಗೆ ಇದೇ ಕಡೆಯ ದೋಣಿ. ನಾಳೆಯಿಂದ ಐದು ತಿಂಗಳು ಸಮುದ್ರ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಆಮೇಲೆ ಇಷ್ಟು ದೂರ ಮತ್ತೆ ಕರೆತರುವ ಪುಣ್ಯಾತ್ಮ ಅವರಲ್ಲ ಎಂಬುದು ಆಕೆಗೆ ಗೊತ್ತಿತ್ತು.

ದೋಣಿ ಹತ್ತಿ ಬಾಯಿಂದ ಕೊಳವೆ ತೆಗೆದದ್ದೇ ತಡ, ಯಜಮಾನರಿಗೆ ಪೌರುಷ ಬಂತು. "ಯಾರಮ್ಮ ನಿಂಗೆ ಮೇಲೆ ಬಾ ಅಂದಿದ್ದು?"

"ನೀವೇ ಸರ್. ಹೆಬ್ಬೆರಳು ಎತ್ತಿದ್ರಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹುಡುಗಿಗೆ ತರಬೇತಿ ಇಲ್ಲ, ಕನ್ನಡಕ ಬಿಗಿಯಾಯಿತು, ನೀರು ಕದಡಿತ್ತು, ಶಾರ್ಕಿಗೂ ಶಿಸ್ತಿಲ್ಲ, ಇವರ ಕಂಪನಿಗೆ ಒಂದೇ ಒಂದು ಸ್ಟಾರ್ ಕೊಡುತ್ತೇನೆ ಎಂದು ಕೂಗಾಡಿದರು. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ಗಂಟೆ ಬಿಟ್ಟು ಇನ್ನೊಂದು ಸಲ ಇಳಿಯಬಹುದು, ಆದರೆ ಸನ್ನೆ ಬಾರದವರನ್ನು ಎರಡನೆಯ ಸಲ ಇಳಿಸುವ ಹಾಗಿಲ್ಲ, ಮೇಡಂ ಬೇಕಾದರೆ ಬರಲಿ ಎಂದಳು.

ಯಜಮಾನರು ನಕ್ಕುಬಿಟ್ಟರು. "ಇವಳಾ? ನಾನಿಲ್ದೆ ಇವಳು ಬಾತ್‌ಟಬ್ಬಿಗೂ ಇಳಿಯೋಲ್ಲ. ಭಯ ಇವಳಿಗೆ. ತಿರುಗಿಸಪ್ಪ ದೋಣೀನ."

ದೋಣಿಯವನು ಚುಕ್ಕಾಣಿಗೆ ಕೈ ಹಾಕಿ ಹೆಂಡತಿಯ ಮುಖ ನೋಡಿದ. ಆಕೆ ಬಿಚ್ಚಿಟ್ಟಿದ್ದ ಕಾಲಿನ ರಬ್ಬರ್ ರೆಕ್ಕೆಗಳನ್ನು ಸಿಟ್ಟಿನಿಂದ ಹತ್ತಿರಕ್ಕೆ ಎಳೆದುಕೊಂಡಳು.

"ಭಯ ಇದೆ ರೀ," ಎಂದಳು. "ಆದ್ರೆ ಶಾರ್ಕಿಂದಲ್ಲ, ನಿಮ್ಮ ಬೆರಳಿಂದು. ನೀವು ಇಲ್ಲೇ ಕೂತಿರಿ."

ದೋಣಿಯವನು ಚುಕ್ಕಾಣಿ ಬಿಟ್ಟು ಬೀಡಿ ಹಚ್ಚಿದ.

ಗಂಟೆ ಕಳೆದು ಆಕೆ ಇಳಿದಳು, ನಲವತ್ತು ನಿಮಿಷ ಇದ್ದಳು. ಶಾರ್ಕ್ ಬಂತು, ಎರಡು ಸುತ್ತು ಹಾಕಿತು, ತೋಳಳತೆಯಲ್ಲಿ ಹಾದುಹೋಯಿತು, ಕಚೇರಿಯ ದೊಡ್ಡ ಸಾಹೇಬರು ವರಾಂಡದಲ್ಲಿ ಕಾದು ನಿಂತವರನ್ನು ನೋಡಿಯೂ ನೋಡದ ಹಾಗೆ. ಆಕೆಗೆ ತಡೆಯಲಾರದಷ್ಟು ಸಂತೋಷವಾಯಿತು. ಕಣ್ಣು ತುಂಬಿ ಕನ್ನಡಕದೊಳಗೇ ನೀರಾಯಿತು. ಗೈಡಿನ ಕಡೆ ತಿರುಗಿ ಎರಡೂ ಕೈಯಲ್ಲಿ ಸೊನ್ನೆ ಮಾಡಿದಳು. ಅಷ್ಟು ಹೊತ್ತೂ ಮೇಲೆ ಯಜಮಾನರು ದೋಣಿಯ ಅಂಚಿಗೆ ಬಗ್ಗಿ, ಬೆಳಗಿನ ತಿಂಡಿಯನ್ನು ಸಮುದ್ರಕ್ಕೆ ಒಪ್ಪಿಸುತ್ತಿದ್ದರು.

ಮಧ್ಯಾಹ್ನ ಹೋಟೆಲಿನ ಊಟದ ಹಾಲಿನಲ್ಲಿ ಆ ಬಾಯಿಗೆ ಮತ್ತೆ ಜೀವ ಬಂತು. ಶಾರ್ಕ್ ಹೇಗೆ ಮೈಮೇಲೆ ಬಂತು, ತಾವು ಹೇಗೆ ಕದಲದೆ ನಿಂತರು, ಅದು ಹೇಗೆ ತಾನಾಗಿ ಹಿಂದೆ ಸರಿಯಿತು ಎಂದು ಮೂರು ಮೇಜಿಗೆ ಕೇಳುವಂತೆ ಹೇಳಿದರು. ಮೊದಲು ಆರು ಅಡಿ ಇದ್ದ ಶಾರ್ಕ್ ಊಟ ಮುಗಿಯುವಷ್ಟರಲ್ಲಿ ಹದಿನಾಲ್ಕು ಅಡಿಯಾಗಿತ್ತು. ಉತ್ತರನ ಪೌರುಷ ಒಲೆ ಮುಂದೆ ಅಂತಾರಲ್ಲ, ಅದೇ. ಹೆಂಡತಿ ಉಣ್ಣುತ್ತಿದ್ದಳು. ಹಸಿವಾಗಿತ್ತು.

ಎದುರಿನ ಮೇಜಿನ ಅಜ್ಜಿಯೊಬ್ಬರು ಕೈಯಲ್ಲಿ ಹಿಡಿದ ಚಮಚವನ್ನು ಅಲ್ಲೇ ನಿಲ್ಲಿಸಿ ಕೇಳಿದರು. "ಅದರ ಕಣ್ಣು ಹೇಗಿರತ್ತಪ್ಪ? ಅಷ್ಟು ಹತ್ತಿರ ನೋಡಿದೀರಲ್ಲ."

ಯಜಮಾನರು ಹೆಂಡತಿಯನ್ನು ಮೊಣಕೈಯಿಂದ ತಿವಿದು ಮೆಲ್ಲಗೆ, "ಹೇಳೇ, ಹೇಗಿತ್ತು?" ಎಂದರು.

ಆಕೆ ತುತ್ತು ನುಂಗಿ, ಒಂದು ಗುಟುಕು ನೀರು ಕುಡಿದು, ಅಜ್ಜಿಗೂ ಕೇಳಿಸುವ ಹಾಗೆ ಹೇಳಿದಳು.

"ನಿಮ್ಮ ಬೆನ್ನನ್ನ ಕೇಳ್ರೀ. ನಿಮ್ಮ ಕಡೆಯಿಂದ ಶಾರ್ಕನ್ನ ನೋಡಿದ್ದು ಅದೊಂದೇ."