ರಂಗದ ಕಡೆಗೆ ತಿರುಗಿದ ಸ್ಪೀಕರ್

ಗಾಳಿಯಲ್ಲಿ ಯಾವ ದನಿಯೂ ಹತ್ತು ಅಡಿಗಿಂತ ಮುಂದೆ ಹೋಗದಂತಾಗಿ ಆರು ವರ್ಷವಾಗಿತ್ತು. ನಾಟಕ ಕಂಪನಿಯ ಸೌಂಡ್ ನೋಡಿಕೊಳ್ಳುವ ಮಾಬುಬಿ ಎಂದಿನಂತೆ ಸಾಲಿಗೊಂದರಂತೆ ಹಲಗೆಯಂಥ ಚಪ್ಪಟೆ ಸ್ಪೀಕರುಗಳನ್ನು ನೇತುಹಾಕುತ್ತಿದ್ದಳು.

"ಇದ ನನ್ನ ಕಡೀ ಆಟ ಅಕ್ಕಾ," ಎಂದ ಹಾಸ್ಯಗಾರ ಸಂಗಪ್ಪ. "ಮಂದಿ ಬಾಯಿ ತೆಗೆಯೂದು ಕಾಣತೈತಿ. ನಗತಾರೋ, ಆಕಳಸತಾರೋ ತಿಳಿಯೂದಿಲ್ಲ."

ಮಾಬುಬಿ ಕುರ್ಚಿಗಳ ನಡುವೆ ನಾಲ್ಕು ಮೈಕು ಕಟ್ಟಿ, ಒಂದು ಸ್ಪೀಕರನ್ನು ರಂಗದ ಕಡೆಗೆ ತಿರುಗಿಸಿದಳು.

ಸಂಗಪ್ಪ ಮೊದಲ ಮಾತು ಆಡಿದ್ದೇ ತಡ, ಮುನ್ನೂರು ಜನರ ನಗು ಅವನ ಮೈಮೇಲೆ ಬಂದು ಬಿತ್ತು. ಅವನು ಮುಂದಿನ ಮಾತು ಮರೆತು ಕಣ್ಣರಳಿಸಿ ನಿಂತ. ಜನ ಅದಕ್ಕೂ ನಕ್ಕರು.

ಪರದೆ ಬಿದ್ದ ಮೇಲೆ ಮಾಬುಬಿ ಸ್ಪೀಕರ್ ಬಿಚ್ಚಲು ಬಂದಳು.

"ಅದು ಅಲ್ಲೇ ಇರ್ಲಿ ಅಕ್ಕಾ," ಎಂದ ಸಂಗಪ್ಪ. "ನಾಳೆ ಬೇಕಾಗತೈತಿ."