ಒಂದು ಕಡ್ಡಿ ನೆಟ್‌ವರ್ಕ್

ನಾಲ್ಕನೇ ನಂಬರಿನ ಬಾಡಿಗೆ ಸ್ಕೂಟರು, ತಾನು ನಕ್ಷೆಯಲ್ಲಿ ಹಾಕಿಟ್ಟಿದ್ದ ಗಡಿಯ ಗೆರೆ ದಾಟಿದ ಕೂಡಲೇ ಧರ್ಮೇಶ್ ಮೊಬೈಲಿನಲ್ಲಿ 'ನಿಲ್ಲಿಸು' ಒತ್ತಿದ. ಬಣಕಲ್ಲಿನಿಂದ ಒಳಕ್ಕೆ ತಿರುಗುವ ಎಸ್ಟೇಟ್ ರಸ್ತೆಯ ಏರಿನ ನೆತ್ತಿಯಲ್ಲಿ ಮೋಟರು ಸತ್ತಿತು. ನಕ್ಷೆಯ ಮೇಲಿನ ನೀಲಿ ಚುಕ್ಕೆ ಇಳಿಜಾರಿನಲ್ಲಿ ತಾನಾಗಿಯೇ ಇನ್ನಷ್ಟು ದೂರ ಉರುಳಿ, ಕೆಳಗಿನ ಮೋರಿಯ ಹತ್ತಿರ ನಿಂತಿತು. ಆಮೇಲೆ ಬೂದು ಬಣ್ಣಕ್ಕೆ ತಿರುಗಿತು. ಆ ತಗ್ಗಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ.

"ಫೋನ್ ಮಾಡಿ ಕೇಳ್ಬಾರ್ದಿತ್ತಾ?" ಎಂದಳು ಹೆಂಡತಿ ರೂಪಶ್ರೀ. ಮೂಡಿಗೆರೆಯ ಅವರ ಬಾಡಿಗೆ ಸ್ಕೂಟರಿನ ಅಂಗಡಿಯಲ್ಲಿ ಅವಳು ಚಾರ್ಜರಿನ ವೈರು ಸುತ್ತುತ್ತಿದ್ದಳು.

"ನಿಂತ್ರೆ ಅವರೇ ಮಾಡ್ತಾರೆ. ಗಾಡಿ ತಗೊಳ್ಳೋವಾಗ ಎಲ್ರೂ ಕೇಳೋದು ಒಂದೇ, ಫುಲ್ ಚಾರ್ಜ್ ಇದ್ಯಾ ಅಂತ. ಎಲ್ಲೀ ತನಕ ಹೋಗ್ಬಹುದು ಅಂತ ಒಬ್ರೂ ಕೇಳಲ್ಲ. ಹೋದ ವಾರ ಕಳಸದ ದಾರೀಲಿ ಬ್ಯಾಟರಿ ಖಾಲಿ ಮಾಡ್ಕೊಂಡು ಕೂತಿದ್ರಲ್ಲ, ಅವ್ರನ್ನ ಪಿಕಪ್‌ನಲ್ಲಿ ಹೊತ್ಕೊಂಡು ಬಂದಿದ್ದು ಯಾರು?"

"ಅವ್ರು ಟೂರಿಸ್ಟು ಮಾರಾಯ್ರೆ. ಈ ಗಾಡಿ ತಗೊಂಡ ಸುಕನ್ಯಾ ಇಲ್ಲಿಯವಳು. ಹಿಂದೆ ಕೂತಿದ್ದ ಅತ್ತೆಗೆ ಬೆಳಿಗ್ಗೆಯಷ್ಟೇ ಕಣ್ಣಿನ ಆಪರೇಷನ್ ಆಗಿದೆ. ಬಸ್ ತಪ್ಪಿತು ಅಂತ ತಾನೆ ಗಾಡಿ ಕೇಳಿದ್ದು? ಪಟ್ಟಿ ಕಟ್ಟಿದ್ದು ಕಾಣ್ಲಿಲ್ವಾ?"

"ಮನೆ ಗೆರೆಯಾಚೆ, ಜಾವಳಿ ಕಡೆ ಅಂತ ಹೇಳ್ಬೇಕಿತ್ತು. ಬಣಕಲ್ ಹತ್ರ ಅಂದ್ಳು. ಐದು ನಿಮಿಷ ನಿಂತ್ರೆ ಬುದ್ಧಿ ಬರುತ್ತೆ, ಆಮೇಲೆ ಬಿಡ್ತೀನಿ."

ಐದು ನಿಮಿಷ ಆಗುವ ಮೊದಲೇ ಮೊಬೈಲು ಸದ್ದು ಮಾಡಿತು. ಆನೆ ಎಲ್ಲಿದೆ ಎಂದು ಒಬ್ಬರಿಗೊಬ್ಬರು ತಿಳಿಸುವ ವಾಟ್ಸಾಪ್ ಗುಂಪು. ಆ ಭಾಗದಲ್ಲಿ ಅದಿಲ್ಲದ ಮೊಬೈಲಿಲ್ಲ. ಯಾವುದೋ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅವಸರದಲ್ಲಿ ಮಾತಾಡಿ ಕಳಿಸಿದ್ದರು. "ಕೆಳಗಿನ ಮೋರಿ ಹತ್ರ ರಸ್ತೆಗೆ ಒಂಟಿ ಸಲಗ ಇಳಿದಿದೆ. ಕೆಲ್ಸ ಬಿಟ್ಟು ಬರೋರು ಯಾರೂ ಆ ದಾರಿ ಹಿಡೀಬೇಡಿ. ನಮ್ಮ ಆಳುಗಳನ್ನ ಗೋಡೌನ್ ಒಳಗೇ ಕೂರ್ಸಿದೀನಿ."

ಧರ್ಮೇಶ್ 'ಚಾಲೂ ಮಾಡು' ಒತ್ತಿದ. 'ಆದೇಶ ಕಾಯುತ್ತಿದೆ' ಎಂಬ ಅಕ್ಷರಗಳ ಪಕ್ಕ ಒಂದು ಚಕ್ರ ತಿರುಗತೊಡಗಿತು. ಮತ್ತೆ ಒತ್ತಿದ. ಇನ್ನೊಂದು ಚಕ್ರ. ಹೆಬ್ಬೆರಳಿನ ಬೆವರನ್ನು ಪ್ಯಾಂಟಿಗೆ ಒರೆಸಿ ಮತ್ತೆ ಮತ್ತೆ ಒತ್ತಿದ. ಪರದೆಯ ತುಂಬ ಸಣ್ಣ ಚಕ್ರಗಳು ಒಂದರ ಕೆಳಗೊಂದು ತಿರುಗುತ್ತಿದ್ದವು. ರೂಪಶ್ರೀ ತನ್ನ ಮೊಬೈಲಿನಿಂದ ಸುಕನ್ಯಾಳಿಗೆ ಕರೆ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು ಹೆಣ್ಣು ದನಿ.

"ಫಾರೆಸ್ಟಿನವ್ರಿಗೆ ಮಾಡು. ಅಂಗಡಿಯೊಳಗೆ ಸರಿಯಾಗಿ ಕೇಳಲ್ಲ, ಹೊರಗೆ ಹೋಗು."

"ಏನಂತ ಹೇಳ್ಲಿ? ನಾವೇ ನಿಲ್ಲಿಸಿದ್ದು ಅಂತಾನಾ?"

"ಹೋಗು ಮಾರಾಯ್ತಿ!"

ಅವಳು ಹೊರಗೆ ಓಡಿದಳು. ಧರ್ಮೇಶ್ ಬೈಕಿನ ಕೀ ಹುಡುಕಿ ತೆಗೆದುಕೊಳ್ಳುವಷ್ಟರಲ್ಲಿ ಅವನ ಮೊಬೈಲು ರಿಂಗಾಯಿತು. ಸುಕನ್ಯಾ.

"ಅಣ್ಣ." ಉಸಿರಿನಷ್ಟೇ ಸಣ್ಣ ದನಿ.

"ಎಲ್ಲಿದ್ದೀರಿ?"

"ರೋಡ್ ಪಕ್ಕದ ಧರೆ ಕೆಳಗೆ, ಕಾಫಿ ಗಿಡದ ಒಳಗೆ. ಅತ್ತೆ ಜೊತೆಗಿದ್ದಾರೆ. ಗಾಡಿ ರೋಡಲ್ಲೇ ಉಳೀತು. ಅದು ಗಾಡಿ ಪಕ್ಕಾನೇ ನಿಂತಿದೆ."

"ಅಲ್ಲಾಡ್ಬೇಡಿ. ಓಡ್ಬೇಡಿ."

"ಓಡೋದೆಲ್ಲಿ ಅಣ್ಣ, ಅತ್ತೆಗೆ ಎದುರಿಗಿರೋ ಗಿಡಾನೇ ಕಾಣಲ್ಲ." ಹಿಂದೆ ಮುದುಕಿಯ ಪಿಸುಮಾತು ಕೇಳಿತು: "ಯಾರ ಹತ್ರನೇ ನಿಂದು ಮಾತು, ಬಾಯ್ಮುಚ್ಚು." ಸುಕನ್ಯಾ ದನಿ ಇನ್ನಷ್ಟು ತಗ್ಗಿಸಿದಳು. "ಸಿಟ್ಟಲ್ಲಿಲ್ಲ ಅಣ್ಣ ಅದು. ಸೊಂಡ್ಲಿಂದ ಸೀಟು ಮೂಸ್ತಿದೆ ಅಷ್ಟೆ. ಸದ್ದಿಲ್ದೆ ಕೂತ್ರೆ ಅದರ ಪಾಡಿಗೆ ಅದು ಹೋಗುತ್ತೆ ಅನ್ಸುತ್ತೆ. ನೀವು ಏನೂ ಮಾಡ್ಬೇಡಿ, ಯಾರನ್ನಾದ್ರೂ ಕಳ್ಸಿ ಸಾಕು. ಅದನ್ನೇ ಹೇಳೋಣ ಅಂತ ಒದ್ದಾಡ್ತಿದ್ದೆ. ಈಗ ತಾನೇ ಒಂದು ಕಡ್ಡಿ ನೆಟ್‌ವರ್ಕ್ ಬಂತು."

ಧರ್ಮೇಶನ ಕೈಯಿಂದ ಕೀ ಜಾರಿತು. ಅವಳ ಮೊಬೈಲಿಗೆ ಬಂದ ನೆಟ್‌ವರ್ಕ್ ಗಾಡಿಗೂ ಬರುತ್ತದೆ, ಕಾಯುತ್ತಿರುವ ಆದೇಶವೂ ತಲುಪುತ್ತದೆ. ಚಾಲೂ ಆದ ಗಾಡಿ ಮೊದಲು ಮಾಡುವುದು ಹೆಡ್‌ಲೈಟ್ ಉರಿಸುವುದು. ಆಮೇಲೆ ಸ್ವಾಗತದ ರಾಗ ನುಡಿಸುವುದು. ಜನ ಇಷ್ಟಪಡುತ್ತಾರೆಂದು ಅದರ ದನಿಯನ್ನು ಪೂರ್ತಿ ಏರಿಸಿಟ್ಟವನು ಅವನೇ.

"ಸುಕನ್ಯಾ, ಕೇಳು. ಅಲ್ಲಿಂದ ದೂರ ಹೋಗಿ. ತೆವಳಿಕೊಂಡಾದ್ರೂ ಹೋಗಿ."

"ಅಲ್ಲಾಡ್ಬೇಡಿ ಅಂದ್ರಲ್ಲ?"

ಅವನು ಮೊಬೈಲನ್ನು ಕಿವಿಯಿಂದ ತೆಗೆದು ಪರದೆ ನೋಡಿದ. ಚಕ್ರಗಳು ತಿರುಗುತ್ತಿದ್ದವು. ಒಂದನ್ನು ಒತ್ತಿ ಹಿಡಿದ, ಎಡಕ್ಕೆ ಎಳೆದ, ಬಲಕ್ಕೆ ಎಳೆದ. ಕಳಿಸಿದ್ದನ್ನು ಹಿಂದಕ್ಕೆ ಕರೆಯುವ ಗುಂಡಿ ಎಲ್ಲಿಯೂ ಇರಲಿಲ್ಲ. 'ನಿಲ್ಲಿಸು' ಒತ್ತಿದ, ಅದು ಎಲ್ಲ ಚಕ್ರಗಳ ಕೆಳಗೆ, ಸಾಲಿನ ಕೊನೆಗೆ ಹೋಗಿ ನಿಂತಿತು.

ಮೇಲಿನ ಚಕ್ರ ನಿಂತು ಹಸಿರಾಯಿತು.

ಫೋನಿನಲ್ಲಿ ಆ ರಾಗ ಕೇಳಿತು, ದೂರದ ಮದುವೆ ಮನೆಯ ವಾದ್ಯದ ಒಂದು ತುಣುಕಿನಂತೆ. ಅರ್ಧಕ್ಕೆ ನಿಂತಿತು. ಏನೋ ಲಟ್ಟೆಂದು ಮುರಿಯಿತು, ಗಾಡಿಯನ್ನು ನೆಲಕ್ಕೆ ಉಜ್ಜಿ ಎಳೆಯುವಂಥ ಸದ್ದಾಯಿತು. ಆಮೇಲೆ ಮಾತಿಲ್ಲ, ಕೂಗಿಲ್ಲ. ಕರೆ ಮಾತ್ರ ಕಡಿದಿರಲಿಲ್ಲ.

ರೂಪಶ್ರೀ ಏದುಸಿರು ಬಿಡುತ್ತ ಒಳಗೆ ಬಂದಳು. "ಫಾರೆಸ್ಟಿನವ್ರು ಹೊರಟಿದ್ದಾರೆ," ಎನ್ನುತ್ತ ಅವನ ಭುಜದ ಮೇಲಿಂದ ಬಗ್ಗಿ ಪರದೆ ನೋಡಿದಳು. ಚುಕ್ಕೆ ಮತ್ತೆ ನೀಲಿಯಾಗಿತ್ತು. ರಸ್ತೆಯ ಗೆರೆ ಬಿಟ್ಟು, ನಕ್ಷೆಯಲ್ಲಿ ಬರೀ ಹಸಿರು ತುಂಬಿದ್ದ ಕಡೆಗೆ, ನಿಧಾನವಾಗಿ ಸರಿಯುತ್ತಿತ್ತು.

"ಅಬ್ಬ," ಎಂದು ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಹೊರಟ್ರಲ್ಲ."